ಉಳಿ ನಿಂತ ಹೊತ್ತು

ಎಷ್ಟೋ ವರ್ಷಗಳ ಹಿಂದಿನ ಒಂದು ಭಾನುವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಪಕ್ಕದ ಚಪ್ಪರದಲ್ಲಿ ಉಳಿಯ ಸದ್ದು ನಿಂತಿತ್ತು. ಇವತ್ತು ನಮ್ಮ ಬೀದಿಯಲ್ಲಿ ಯಾರೋ ನೆಲಕ್ಕೆ ಹಾಸುವ ಕಲ್ಲು ಕೊಯ್ಯಿಸುತ್ತಿದ್ದಾರೆ. ನೆನೆದ ಕಲ್ಲುಪುಡಿಯ ವಾಸನೆ ಕಿಟಕಿಯಿಂದ ಬಂದದ್ದೇ ತಡ, ನಾನು ಗಡಿಯಾರ ನೋಡಿದೆ. ಇಷ್ಟು ವರ್ಷವಾದರೂ ಈ ಚಾಳಿ ಬಿಟ್ಟಿಲ್ಲ, ನೋಡಿ.

ಎಪ್ಪತ್ತರ ದಶಕದ ಕೊನೆ. ಶಿವಾರಪಟ್ಟಣದಲ್ಲಿ ನಾನು ಹೊಸ ಮೇಷ್ಟ್ರು. ವಿಗ್ರಹ ಕೆತ್ತುವ ವೆಂಕಟಾಚಾರಿಯವರ ಮನೆಗೆ ಅಂಟಿದ ಕೋಣೆಯಲ್ಲಿ ಬಾಡಿಗೆಗಿದ್ದೆ; ಪಕ್ಕದಲ್ಲೇ ಅವರ ಕೆಲಸದ ಚಪ್ಪರ. ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿದ್ದರಿಂದ ಮನುಷ್ಯರೆಲ್ಲ ನನಗೆ ಆಗಲೇ ಅರ್ಥವಾಗಿಬಿಟ್ಟಿದ್ದರು! ಅಲ್ಲಿ ಹೆಂಗಸರು ಕಲ್ಲು ಉಜ್ಜಿ ನಯ ಮಾಡುತ್ತಿದ್ದರು, ಉಳಿ ಹಿಡಿಯುತ್ತಿರಲಿಲ್ಲ. ಆದರೂ ಆಚಾರಿಯವರು ಹದಿನೇಳರ ಮಗಳು ಪದ್ಮಳ ಕೈಗೆ ಉಳಿ ಕೊಟ್ಟಿದ್ದರು. ಮಾಸ್ತಿ ಕಡೆಯ ಗುಡಿಯೊಂದಕ್ಕೆ ಮೊಳದುದ್ದದ ಗಂಗಮ್ಮನನ್ನು ಅವಳು ಎರಡು ತಿಂಗಳಿಂದ ಕೆತ್ತುತ್ತಿದ್ದಳು. ಆ ಭಾನುವಾರ ಮೂರೂ ಹತ್ತಕ್ಕೆ ದೇವಿಯ ಮೂಗಿನ ತುದಿ ಹಾರಿಹೋಯಿತು.

ಭಿನ್ನವಾದ ವಿಗ್ರಹ ಪೂಜೆಗೆ ಬಾರದು, ನೀರಿಗೆ ಬಿಡಬೇಕು. ಪದ್ಮ ಅದನ್ನೆತ್ತಿಕೊಂಡು ಊರಾಚೆಯ ಕಲ್ಲುಗುಂಡಿಗೆ ಹೋದಳು. ಹಿಂದೆ ಆಚಾರಿಯವರು, ಅವರ ಹಿಂದೆ ನಾನು. ಬಿಡಲು ಬಂದವಳು ಬಿಡದೆ, ಅದನ್ನು ಎದೆಗವಚಿಕೊಂಡು ಅಂಚಿನಲ್ಲೇ ನಿಂತಿದ್ದಳು. ಕೆಳಗೆ ಆಳದ ನೀರು. ನಾನು "ಪದ್ಮಾ!" ಎಂದು ಕಿರುಚಿದೆ. ಅವಳು ಬೆಚ್ಚಿದಳು. ಕಾಲಡಿಯ ಕಲ್ಲೊಂದು ಜಾರಿ ನೀರಿಗೆ ಬಿತ್ತು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

"ಮೇಷ್ಟ್ರೇ, ಇದು ನಿಮ್ ಸ್ಕೂಲಲ್ಲ, ಕೂಗ್ಬೇಡಿ," ಎಂದರು ಆಚಾರಿಯವರು ಮೆಲ್ಲಗೆ. ಆಮೇಲೆ ಅವಳಿಂದ ಎರಡು ಮಾರು ದೂರದಲ್ಲಿ ಕೂತರು. "ಮಂಡಿ ನೋವು ಕಣಮ್ಮ. ಒಂಚೂರು ಕೂತ್ಕೊಂತೀನಿ."

ಕೊನೆಗೆ ಅವಳೇ ಅಂದಳು: "ಅಪ್ಪಾ, ಭಿನ್ನ ಆಗೋಯ್ತು."

"ನೋಡ್ದೆ."

"ಊರೋರೆಲ್ಲ ನಗ್ತಾರೆ. ಇನ್ಯಾರು ನಂಗೆ ಕಲ್ಲು ಕೊಡ್ತಾರೆ?"

"ನಾನ್ ಕೊಡ್ತೀನಿ. ಆಂಜನೇಯನ ಬಾಲ ಮುರಿದಾಗ ನನ್ನೂ ಆರು ತಿಂಗ್ಳು ನಕ್ಕಿದ್ರು, ಮೋಟಾಚಾರಿ ಅಂತ."

"ಆಮೇಲೆ?"

"ಆಮೇಲೆ ನಗೋಕೆ ಬೇರೆ ಯಾರೋ ಸಿಕ್ಕಿದ್ರು."

ಅವಳು ನಗಲಿಲ್ಲ. ಬಂಡೆಯ ಮೇಲಿನ ಬಿಸಿಲು ಇಳಿಯುವವರೆಗೂ ಅವರು ಕೈ ಚಾಚಲಿಲ್ಲ, ಏಳು ಅನ್ನಲಿಲ್ಲ. ಅವಳಾಗಿಯೇ ಹಿಂದೆ ಸರಿದು, "ಇದನ್ನ ಬಿಟ್ಬಿಡ್ಲಾ?" ಎಂದು ಕೇಳಿದಳು.

"ಇವತ್ತು ಈ ನೀರಿಗೆ ಏನೂ ಹಾಕೋದು ಬೇಡ ಕಣಮ್ಮ."

ಗಂಗಮ್ಮ ವಾಪಸು ಬಂದು ಚಪ್ಪರದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಆಚಾರಿಯವರು ದಿನಾ ಬೆಳಿಗ್ಗೆ ಮಗಳ ಮಣೆಯ ಮುಂದೆ ಹೊಸ ಕಲ್ಲು, ಉಳಿ ಇಡುವರು. ಸಂಜೆ ಮುಟ್ಟದ ಉಳಿಗಳನ್ನು ಮಾತಿಲ್ಲದೆ ಎತ್ತಿಡುವರು. ರಾತ್ರಿ ಹೊಸ್ತಿಲಿಗೆ ಅಡ್ಡ ಮಲಗಿ ಕೆಮ್ಮುತ್ತಲೇ ಇರುವರು. ಗೋಡೆಯಾಚೆ ನಾನೂ ಎಚ್ಚರ. ಅವಳು ಬಿದ್ದಿದ್ದರೆ ಬೀಳಿಸಿದ್ದು ನನ್ನ ಕೂಗೇ ಅಲ್ಲವೇ?

ಹೀಗೇ ಒಂದೂವರೆ ತಿಂಗಳು. ಒಂದು ಬೆಳಿಗ್ಗೆ ಪದ್ಮ, "ಅಪ್ಪಾ, ಗಂಗಮ್ಮನ್ನ ನೀರಿಗೆ ಬಿಟ್ಬರೋಣ ಬಾ," ಎಂದಳು. ಇಬ್ಬರೂ ಹೋದರು. ಅವರು ಬರುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಬರಿಗೈಲಿ ಇಬ್ಬರೂ ಬಂದರು. ಆ ಮಧ್ಯಾಹ್ನ ಚಪ್ಪರದಲ್ಲಿ ಮತ್ತೆ ಉಳಿಯ ಸದ್ದು ಕೇಳಿತು.

ಈಗ ಬೀದಿಯಲ್ಲಿ ಕಲ್ಲು ಕೊಯ್ಯುವ ಸದ್ದು ನಿಂತಿದೆ. ಎದ್ದು ಹೋಗಿ ಕೂಗಿ ವಿಚಾರಿಸಬೇಕೆನಿಸಿತು, ಕೂತೇ ಇದ್ದೆ. ಪದ್ಮ ಮತ್ತೆ ಉಳಿ ಹಿಡಿದ ಆ ರಾತ್ರಿ ಆಚಾರಿಯವರು ಹೊಸ್ತಿಲು ಬಿಟ್ಟು ಒಳಗೆ ಮಲಗಿದರು. ಬೆಳಗಿನವರೆಗೂ ಅವರ ಗೊರಕೆ ನಿಲ್ಲಲಿಲ್ಲವೆಂದು ಮಾರನೆಯ ದಿನ ಪದ್ಮ ದೂರಿದಳು. ಗೋಡೆಯಾಚೆ ನಿದ್ದೆಹೋಗಿದ್ದ ನನಗೆ ಅದು ಕೇಳಿಸಿರಲಿಲ್ಲ.