ಬಿಳಿ ಪುಡಿ ಹತ್ತಿದ ಕಂಬಳಿ

ಹೋದ ವಾರ ಮನೆಗೆ ಒಂದು ಗಂಟು ಬಂತು. ಬಿಚ್ಚಿದೆ. ಕುರಿಯ ಉಣ್ಣೆ ವಾಸನೆ, ಅದರ ಮೇಲೆ ಬಿಳಿ ಪುಡಿಯ ವಾಸನೆ. ಕೈ ಜಾರಬಾರದೆಂದು ಜಿಮ್ನಾಸ್ಟಿಕ್ ಮಕ್ಕಳು ಅಂಗೈಗೆ ಹಚ್ಚಿಕೊಳ್ಳುವ ಪುಡಿ ಅದು. ನೋಡಿದರೆ ನಮ್ಮದೇ ಕಂಬಳಿ. ಔರಾದ್ ಕಡೆಯ ನನ್ನ ತವರಿನಲ್ಲಿ ನಮ್ಮ ಕುರಿಗಳ ಉಣ್ಣೆಯಿಂದಲೇ ನೇಯಿಸಿದ್ದು.

"ಅಕ್ಕೋರು ತೀರಿಕೊಂಡ್ರಿ, ಆಯಿ. ಇದು ನಿಮ್ಮ ಮನಿಗಿ ಮುಟ್ಟಬೇಕಂತ ಮೊದಲೇ ಹೇಳಿಟ್ಟಿದ್ರು," ಎಂದಳು ತಂದುಕೊಟ್ಟ ಹುಡುಗಿ, ಅವರ ಶಿಷ್ಯೆ.

ಅಕ್ಕೋರು ಎಂದರೆ ನನ್ನ ಮೊಮ್ಮಗಳಿಗೆ ಜಿಮ್ನಾಸ್ಟಿಕ್ ಕಲಿಸಿದವರು. ಭಾಲ್ಕಿಯವರು. ದಿನಾ ಮೊದಲನೇ ಬಸ್ಸಿಗೆ ಬೀದರಿಗೆ ಬರುತ್ತಿದ್ದರು. ಗಿಡ್ಡ ಆಳು, ದೊಡ್ಡ ದನಿ, ನಗು ಕಡಿಮೆ. ನನಗೂ ಅಂಥವರೇ ಸೈ.

ಮಕ್ಕಳು ಜಿಗಿಯುವ ಜಾಗದಲ್ಲಿ ಹಾಸಿದ ಗಾದಿಗಳು ತೆಳ್ಳಗಾಗಿದ್ದವು. ದಪ್ಪನೆಯದು ಏನಿದ್ದರೂ ಕೊಡಿ ಎಂದು ಅಕ್ಕೋರು ಮನೆಮನೆಗೆ ಕೇಳಿದರು. ಎಲ್ಲರೂ ಹರಿದ ಚಾದರ ಕೊಟ್ಟರು, ನಾನು ಕಂಬಳಿ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ, ದಬ್ಬಣದಿಂದ ತಾವೇ ಹೊಲಿದು ಗಾದಿ ಮಾಡಿಕೊಂಡರು.

"ಕುರಿ ಮ್ಯಾಲ ಬಿದ್ರ ಯಾರಿಗೂ ನೋವಾಗಲ್ರಿ ಆಯಿ," ಎಂದರು.

"ಕುರಿಗಿ ಒಂದ್ ಮಾತು ಕೇಳ್ರಿ," ಎಂದೆ. ಅವತ್ತು ನಕ್ಕಿದ್ದರು.

ಮೊಮ್ಮಗಳು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಬಿದ್ದಳು. ಕೈಯಗಲದ ಕಟ್ಟಿಗೆ ಪಟ್ಟಿಯ ಮೇಲೆ ನಡೆದು, ಕೊನೆಗೆ ಹಿಂದಕ್ಕೆ ಪಲ್ಟಿ ಹೊಡೆದು ಕೆಳಗಿಳಿಯಬೇಕು. ಅಲ್ಲಿ ತಪ್ಪಿದಳು. ಎಲುಬು ಮುರಿಯಲಿಲ್ಲ, ಬಾವು ಇಳಿಯಿತು. ಆದರೆ ಪಟ್ಟಿ ಹತ್ತಲೊಲ್ಲಳು. "ಬಿಟ್ ಬಿಡ್ತೇನಿ," ಎಂದಳು.

ನನ್ನ ಮಗನಿಗೆ ಬೀದರಿನ ಹೊರಗಿರುವ ಕೊಳಾರದ ಫ್ಯಾಕ್ಟರಿಯಲ್ಲಿ ಕೆಲಸ. ಮಗಳು ಪದಕ ಹಾಕಿಕೊಂಡ ಫೋಟೊ ಅಲ್ಲಿ ಎಲ್ಲರಿಗೂ ತೋರಿಸಿದ್ದ. "ಇಷ್ಟು ವರ್ಷ ಮೈ ಮುರಿದಿದ್ದು ನೀರಾಗ ಹಾಕ್ತಿಯೇನ?" ಎಂದು ಊಟಕ್ಕೆ ಕೂತಾಗಲೆಲ್ಲ ಕೂಗುತ್ತಿದ್ದ. ಹುಡುಗಿ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲಿ ಗುಡ್ಡೆ ಹಾಕಿ ಎದ್ದುಹೋಗುತ್ತಿದ್ದಳು...

ಒಂದು ಸಂಜೆ ಅಕ್ಕೋರು ಮನೆಗೇ ಬಂದರು. ನನಗೆ ಗುಮಾನಿ ಬಂತು. ಅವರ ಕೈಯಲ್ಲಿ ಕಲಿತ ಮಕ್ಕಳ ತಂಡ ಮೊದಲ ಸಲ ರಾಜ್ಯದ ಪಂದ್ಯಕ್ಕೆ ಹೋಗುವುದಿತ್ತು. ಇವಳಿಲ್ಲದೆ ಆ ತಂಡ ನಿಲ್ಲುತ್ತಿರಲಿಲ್ಲ.

"ಪೋರಿಗಿ ಪುಸಲಾಯಿಸಾಕ ಬಂದಿದ್ರ ಚಾ ಕುಡದು ಹೋಗ್ರಿ," ಎಂದು ಬಾಗಿಲಲ್ಲೇ ಹೇಳಿದೆ.

"ಚಾ ಅಂತೂ ಕುಡೀತೇನ್ರಿ," ಎಂದು ಒಳಗೆ ಬಂದು ಕೂತರು. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು, "ಅಂಜಿ ಬಿಡ್ತಿಯೋ, ಸಾಕಾಗಿ ಬಿಡ್ತಿಯೋ?"

"ಗೊತ್ತಿಲ್ರಿ."

"ಅಂಜಿಕಿಗಿ ನನ್ನ ಹತ್ರ ಔಷಧ ಅದ. ಸಾಕಾಗಿದ್ದಕ್ಕ ಇಲ್ಲ. ನಾಳಿ ಬಾ. ಬಿದ್ದ ಪಲ್ಟಿ ಒಂದೇ ಸಲ ಹೊಡಿ. ಆಮ್ಯಾಲ ನೀ ಏನ್ ಹೇಳ್ತಿ, ಅದೇ ಆಗ್ತದ."

ಮಗ ಮೀಸೆಯಲ್ಲೇ ನಕ್ಕ. ಒಂದು ಸಲ ಹತ್ತಿದರೆ ಮತ್ತೆ ಬಿಡುವುದಿಲ್ಲ ಎಂದು ಅವನ ಲೆಕ್ಕ. ನನ್ನದೂ ಅದೇ.

ಮರುದಿನ ಬೆಳಗ್ಗೆ ಎಲ್ಲರೂ ಹೋದೆವು. ಅಕ್ಕೋರು ಕಂಬಳಿ ಗಾದಿಯನ್ನು ತಾವೇ ಎಳೆದು ಪಟ್ಟಿಯ ಕೆಳಗೆ ಹಾಕಿದರು. ಹುಡುಗಿ ಪುಡಿ ಹಚ್ಚಿಕೊಂಡು ಹತ್ತಿದಳು. ತುದಿಯಲ್ಲಿ ನಿಂತಳು... ನಿಂತೇ ಇದ್ದಳು. ಕುರಿ ಈಯುವಾಗ ಸಿಕ್ಕಿಕೊಂಡ ಮರಿಗಳನ್ನು ಕೈ ಹಾಕಿ ಹೊರಗೆಳೆದವಳು ನಾನು. ಆದರೂ ಮುಖ ತಿರುಗಿಸಿಕೊಂಡೆ. ಧಡ್ ಎಂದು ಸದ್ದಾಯಿತು.

ನೋಡಿದರೆ ಕಂಬಳಿಯ ಮೇಲೆ ನೆಟ್ಟಗೆ ನಿಂತಿದ್ದಾಳೆ. ಕಾಲು ಜೋಡಿಸಿ, ಎರಡೂ ಕೈ ಮೇಲೆತ್ತಿ. ಆಟ ಮುಗಿದ ಮೇಲೆ ನೋಡುವವರಿಗೆ ಹಾಗೆ ಕೈ ಎತ್ತಿ ತೋರಿಸಬೇಕು ಎಂಬುದು ಅವರ ಪದ್ಧತಿ. ಮುಖ ಅಕ್ಕೋರ ಕಡೆಗಿತ್ತು.

ಮಗ ಚಪ್ಪಾಳೆ ತಟ್ಟುತ್ತಲೇ ಇದ್ದ. ಹುಡುಗಿ ಅಕ್ಕೋರ ಹತ್ತಿರ ಹೋದಳು.

"ಅಂಜಿಕಿ ಹೋಯ್ತ್ರಿ, ಅಕ್ಕೋರ. ಖರೆ... ಸಾಕಾಗೇದ್ರಿ."

ಅಕ್ಕೋರ ಮುಖ ಒಂದು ಗಳಿಗೆ ಇಳಿದುಹೋಯಿತು. ನಾನು ನೋಡಿದೆ. ಆಮೇಲೆ ನನ್ನ ಮಗನ ಕಡೆ ತಿರುಗಿದರು.

"ಕೇಳಿದ್ರಲ್ಲ? ನಾ ಮಾತು ಕೊಟ್ಟೀನಿ. ಇನ್ನ ಮನ್ಯಾಗ ಈ ಮಾತು ತೆಗೀಬ್ಯಾಡ್ರಿ."

"ಮತ್ತ ನಿಮ್ಮ ಟೀಮ್ ಹ್ಯಾಂಗ್ರಿ?"

"ಅದು ನನ್ನ ತ್ರಾಸ. ಅಕಿದಲ್ಲ."

ಆ ವರ್ಷ ತಂಡ ಹೋಗಲಿಲ್ಲ. ಅಕ್ಕೋರು ಕಂಬಳಿಯ ಹೊಲಿಗೆ ಬಿಚ್ಚಲು ಕೂತರು, ವಾಪಸ್ ಕೊಡುತ್ತೇನೆ ಎಂದು. "ಇರ್ಲಿ ಬಿಡ್ರಿ, ಬೀಳೋರು ಇನ್ನೂ ಬಾಳ ಮಂದಿ ಅದಾರ," ಎಂದೆ. "ಹಂಗಾರ ನನ್ನ ಕೆಲಸ ಮುಗಿದ ಮ್ಯಾಲ ಮುಟ್ಟಸ್ತೇನಿ," ಎಂದಿದ್ದರು. ಹೊಲಿಗೆ ಬಿಚ್ಚಿಸಿ ಮುಟ್ಟಿಸಿದರು.

ಆ ಪಲ್ಟಿ ಹೊಡೆದ ದಿನ ರಾತ್ರಿ ಹುಡುಗಿ ಎರಡು ರೊಟ್ಟಿ ಪೂರ್ತಿ ತಿಂದು, ಇನ್ನೊಂದು ಬೇಡಿದಳು. ಬೇರೆ ಯಾರಾದರೂ ಆಗಿದ್ದರೆ ಬೈದೋ ರಮಿಸಿಯೋ ಇನ್ನೊಂದು ವರ್ಷ ಎಳೆಯುತ್ತಿದ್ದರು. ಇಲ್ಲವೇ ಬಿದ್ದ ದಿನವೇ ಮನೆಗೆ ಕಳಿಸಿಬಿಡುತ್ತಿದ್ದರು. ಆಗ ಹುಡುಗಿ ಜೀವಮಾನವಿಡೀ ತನ್ನನ್ನು ಅಂಜುಬುರುಕಿ ಎಂದುಕೊಳ್ಳುತ್ತಿದ್ದಳು. ಅಕ್ಕೋರು ಮೊದಲು ಅಂಜಿಕೆ ಬಿಡಿಸಿದರು, ಆಮೇಲೆ ಆಟದಿಂದಲೂ ಬಿಡುಗಡೆ ಕೊಟ್ಟರು. ಎರಡನೆಯದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಅವರ ಉಪಕಾರ ದೊಡ್ಡದು.

ಮೊಮ್ಮಗಳು ಈಗ ಭಾಲ್ಕಿಯಲ್ಲಿ ಔಷಧಿ ಅಂಗಡಿಯಲ್ಲಿದ್ದಾಳೆ. ಸುದ್ದಿ ತಿಳಿಸಿದೆ, ಭಾನುವಾರ ಬಂದಳು. ಕಂಬಳಿಯನ್ನು ಅಂಗಳದಲ್ಲಿ ಹಾಸಿ, ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು. ಜಿಗಿಯುತ್ತಾಳೇನೋ ಎಂದುಕೊಂಡೆ. ಜಿಗಿಯಲಿಲ್ಲ. ಕಾಲು ಜೋಡಿಸಿ, ಎರಡೂ ಕೈ ಮೇಲೆತ್ತಿ ನಿಂತಳು. ಎದುರಿಗೆ ನೋಡುವವರು ಯಾರೂ ಇರಲಿಲ್ಲ...

ಆಮೇಲೆ ಕೆಳಗಿಳಿದು, "ಚಾ ಇಡ್ಲೇನ, ಆಯಿ?" ಎಂದಳು.

ಇಡು ಎಂದೆ. ಕಂಬಳಿಯನ್ನು ಝಾಡಿಸಲಿಲ್ಲ. ಪುಡಿ ಸಮೇತ ಹಾಗೇ ಮಡಚಿ ಇಟ್ಟಿದ್ದೇನೆ.