ಒಕ್ಕದೆ ಉಳಿದ ಸಿವುಡು

ಯಲವಿಗಿಯಲ್ಲಿ ರೈಲು ಇಳಿದಾಗ ಗಾಳಿಯಲ್ಲಿ ಹೊಸ ಜೋಳದ ಹೊಟ್ಟಿನ ವಾಸನೆ ಇತ್ತು. ಒಣಗಿದ ದಂಟು, ಸೆಗಣಿ ಸಾರಿಸಿದ ನೆಲ, ದುಡಿದ ಎತ್ತುಗಳ ಬೆವರು ಎಲ್ಲ ಕೂಡಿದ ವಾಸನೆ. ಹತ್ತಿರದಲ್ಲೇ ಎಲ್ಲೋ ಸುಗ್ಗಿ ನಡೆದಿರಬೇಕು. ಸವಣೂರಿಗೆ ಹೋಗುವ ಗಾಡಿಯವನು ನನ್ನ ಟ್ರಂಕು ಎತ್ತಿಟ್ಟು ಕಾಯುತ್ತಿದ್ದ. ನಾನು ಸ್ವಲ್ಪ ಹೊತ್ತು ಹಾಗೇ ನಿಂತೆ. ಆ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಒಬ್ಬಳೇ ಹೆಂಗಸು... ನಾವು ಆಕೆಯನ್ನು ಕಣದವ್ವ ಎನ್ನುತ್ತಿದ್ದೆವು.

ಆಗ ನಾನು ಕನ್ನಡ ಶಾಲೆಗೆ ಹೋಗುವ ಹುಡುಗಿ. ಸವಣೂರಿನಲ್ಲಿ ಇಲಿ ಬಿದ್ದವು. ಇಲಿ ಬಿದ್ದರೆ ಊರು ಬಿಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಪ್ಲೇಗು ನಮ್ಮ ಕಡೆಗೆ ಹೊಸದೇನೂ ಆಗಿರಲಿಲ್ಲ. ಅಪ್ಪ ದೇವರ ಪೆಟ್ಟಿಗೆಯನ್ನೂ ಅಜ್ಜನ ಕಾಲದ ಓಲೆಗರಿಗಳ ಕಟ್ಟನ್ನೂ ಗಾಡಿಗೆ ಹೇರಿದರು. ಯಲವಿಗಿ ದಾರಿಯ ಒಂದು ಹೊಲದಲ್ಲಿ ನಮ್ಮಂಥ ಕೆಲವು ಮನೆಗಳವರು ಗುಡಿಸಲು ಹಾಕಿಕೊಂಡೆವು. ಹೊಲ ಕಣದವ್ವನದು. ಗಂಡ ತೀರಿಕೊಂಡ ಮೇಲೆ ಮೈದುನನೊಂದಿಗೆ ಆಕೆಯೇ ನಿಂತು ಒಕ್ಕಲುತನ ಮಾಡಿಸುತ್ತಿದ್ದಳು. ದನಿ ದೊಡ್ಡದು. ನಗು ಅದಕ್ಕಿಂತ ದೊಡ್ಡದು.

ನನ್ನ ತಂಗಿಗೆ ಆಗ ಆರು ವರ್ಷ. ಅವಳು ಮಾತಾಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಆದರೆ ಎಲ್ಲೋ ದೂರದಲ್ಲಿ ಜಾಗಟೆ ಬಡಿದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಂಬವಿದೆ. ಬೆಳಗಾದರೆ ಅಂಗೈಯನ್ನು ಅದಕ್ಕೊತ್ತಿ ಸುತ್ತತೊಡಗುವಳು. ಅವಳ ಕೈ ಆಡಿ ಆಡಿ ಕಂಬಕ್ಕೆ ಅಷ್ಟೆತ್ತರದಲ್ಲಿ ಒಂದು ಹೊಳಪಿನ ಪಟ್ಟಿ ಬಂದಿತ್ತು. ಮನಸ್ಸು ತುಂಬ ಸುತ್ತಿದ ಮೇಲೆಯೇ ಊಟ, ನಿದ್ದೆ. ಅಜ್ಜಿ ಅದನ್ನು ಪ್ರದಕ್ಷಿಣೆ ಎನ್ನುತ್ತಿದ್ದಳು. “ಹಿಂದಿನ ಜನ್ಮದಾಗಿನ ಹರಕಿ ಅದು. ತೀರಸ್ಲಿಕ್ಕತ್ತದ ಕೂಸು, ತಡೀಬ್ಯಾಡ್ರಿ.” ನಾವೆಲ್ಲ ಅದನ್ನು ನಂಬಿದ್ದೆವು. ತಂಗಿಯ ಸ್ವಭಾವಕ್ಕೆ ನಮ್ಮಲ್ಲಿ ಬೇರೆ ಹೆಸರಿರಲಿಲ್ಲ. ಆಮೇಲೆ ನಾನು ಕಾಲೇಜಿನಲ್ಲಿ ಓದಿದ ಪುಸ್ತಕಗಳಲ್ಲೂ ಸಿಕ್ಕಿಲ್ಲ.

ಹಾಗಾಗಿ ಗುಡಿಸಲಿಗೆ ಬಂದ ಕೂಡಲೇ ಅಜ್ಜಿ ಅಂಗಳದಲ್ಲಿ ಮಣ್ಣು ಗುಡ್ಡೆ ಹಾಕಿ ತುಳಸಿ ನೆಟ್ಟಳು. ಪ್ರದಕ್ಷಿಣೆಗೆ ದೇವರೊಂದು ಇದ್ದರೆ ಆಯಿತಲ್ಲ! ತಂಗಿ ಅದರತ್ತ ನೋಡಲೂ ಇಲ್ಲ. ಊರಿನತ್ತ ಓಡಿದಳು. ಅಪ್ಪ ಅಗಸಿ ಬಾಗಿಲ ಹತ್ತಿರ ಹಿಡಿದು ಎತ್ತಿಕೊಂಡು ಬಂದರು. ಮರುದಿನ ಮತ್ತೆ ಓಡಿದಳು. ಊರೊಳಗೆ ದಿನಾ ಹೆಣ ಹೊರಬೀಳುತ್ತಿದ್ದ ಕಾಲ ಅದು. ಉಳಿದ ಗುಡಿಸಲುಗಳವರು ತಮ್ಮ ಮಕ್ಕಳನ್ನು ನಮ್ಮತ್ತ ಬಿಡದಾದರು. “ಊರ ಮುಟ್ಟಿ ಬರೋ ಕೂಸು, ಬ್ಯಾನಿ ತಂದೀತು” ಎಂದು ನಮಗೆ ಕೇಳುವಂತೆಯೇ ಆಡಿಕೊಂಡರು. ಅವಳು ಉಣ್ಣಲಿಲ್ಲ, ಮಲಗಲಿಲ್ಲ. ಅವಳೊಂದಿಗೆ ಅವ್ವನೂ ಉಣ್ಣಲಿಲ್ಲ, ಮಲಗಲಿಲ್ಲ. ಕೊನೆಗೆ ಅವ್ವ ಒಂದು ಹಳೆಯ ಸೀರೆಯಿಂದ ಅವಳ ಸೊಂಟವನ್ನು ಗಾಡಿಯ ಗಾಲಿಗೆ ಕಟ್ಟಿದಳು.

ಕಣದವ್ವ ಹಾಲು ಕೊಡಲು ಬಂದವಳು ಅದನ್ನು ನೋಡಿದಳು.

“ಯಾಕ್ರೀ ಅಕ್ಕಾರ, ಕರಾ ಕಟ್ಟಿದಂಗ ಕಟ್ಟೀರಲ್ಲ?”

ಅವ್ವ ತಲೆ ಎತ್ತಲಿಲ್ಲ. “ಬಿಟ್ರ ಊರಾಗ ಹೋಗಿ ಸಾಯ್ತದ, ಕಟ್ಟಿದ್ರ ಇಲ್ಲೇ ಸಾಯ್ತದ. ನನಗ ಸಾಕಾಗೇದವಾ. ನನಗರೆ ಪ್ಲೇಗಿನ ಗಂಟು ಬರಬಾರದ?”

ಅವ್ವ ಅಂಥ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಆಗಲೇ. ಕಣದವ್ವ ಬುದ್ಧಿ ಹೇಳಲಿಲ್ಲ. ಹಾಲಿನ ಚರಿಗೆ ಕೆಳಗಿಟ್ಟು, ಗಾಲಿಗೆ ಕಟ್ಟಿದ್ದನ್ನು ಬಿಚ್ಚಿ, ಸೀರೆಯ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡಳು. “ನಡಿ ನಮ್ಮವ್ವಾ, ಎಲ್ಲಿ ಹೊಂಟಿ ಹೋಗೂಣು. ಊರೊಂದು ಬಿಟ್ಟು.” ಅಂದಿನಿಂದ ದಿನಾ ಕೆಲವು ಗಳಿಗೆ ಇಬ್ಬರೂ ಹೊಲದ ತುಂಬ ಹಾಗೇ ಅಲೆದರು. ಆಕೆಯ ಉಪಾಯಗಳೂ ಫಲಿಸಲಿಲ್ಲ. ಹುಲಗೂರು ದರ್ಗಾದಿಂದ ದಾರ ತಂದು ಕಟ್ಟಿದಳು. ತಂಗಿ ಅದನ್ನು ಜಗಿದು ಉಗುಳಿದಳು. “ದಾರಕ್ಕ ಉಪ್ಪು ಕಡಿಮಿ ಆಗಿತ್ತು ಕಾಣ್ತೈತಿ” ಎಂದು ಕಣದವ್ವ ನಕ್ಕಳು. ಅವ್ವನೂ ನಕ್ಕಳು... ಗುಡಿಸಲಿಗೆ ಬಂದ ಮೇಲೆ ಮೊದಲ ಸಲ.

ಆಮೇಲೆ ಕಣ ಸಿದ್ಧವಾಯಿತು. ನೆಲ ಸಾರಿಸಿ ನಡುವೆ ಮೇಟಿ ನೆಟ್ಟರು. ಒಕ್ಕುವಾಗ ಎತ್ತುಗಳು ಸುತ್ತುವ ಕಂಬ ಅದು. ಪೂಜೆಯಾಗುವ ತನಕ ಅವರ ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಸೀರೆಯ ತುದಿ ಕಣದವ್ವನ ಸೊಂಟದಿಂದ ಬಿಚ್ಚಿ ಜಾರಿತು. ತಂಗಿ ನೆಟ್ಟಗೆ ಓಡಿ ಮೇಟಿಗೆ ಅಂಗೈ ಒತ್ತಿ ಸುತ್ತತೊಡಗಿದಳು.

ಮೈದುನ ಚೀರಿದ. “ಏ ವೈನೀ, ಪೂಜಿ ಆಗಿಲ್ಲ! ಆ ಕೂಸನ್ನ ಅತ್ತಾಗ ಸರಸು!”

“ಸುಮ್ಮನಿರೋ. ನಿನ್ನ ಎತ್ತು ಮಾಡೂ ಕೆಲಸ ಆಕಿ ಮಾಡಾಕತ್ತಾಳ. ಮೇವೂ ಕೇಳೂದಿಲ್ಲ.”

ಅಜ್ಜಿ ತುಳಸಿಯತ್ತ ನೋಡಿದಳು, ಮೇಟಿಯತ್ತ ನೋಡಿದಳು. ಕಣದವ್ವ ಕಣದ ಅಂಚಿನಲ್ಲಿ ತನ್ನ ಕಂಬಳಿ ಹಾಸಿ ಅವ್ವನನ್ನು ಕರೆದಳು. ಮಡಿಯ ಮನೆಯವಳು, ಅವ್ವ ಹಿಂಜರಿದಳು. “ಕಂಬಳಿಗೆ ಮೈಲಿಗಿ ಇಲ್ಲಂತ ನಿಮ್ಮ ಮಂದೀನ ಹೇಳ್ತಾರಲ್ರೀ? ಮಲಕೊಳ್ರಿ. ಕೂಸಿನ್ನ ನಾ ನೋಡ್ತೇನಿ.” ಅವ್ವ ಮಲಗಿದವಳು ಹೊತ್ತು ಇಳಿಯುವವರೆಗೆ ಏಳಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಅವಳ ಮುಖದ ಮೇಲಿನ ನೊಣ ಓಡಿಸುತ್ತಿದ್ದೆ. ಆ ದಿನ ತಂಗಿ ಒಂದು ಬಟ್ಟಲು ನುಚ್ಚು ಮಜ್ಜಿಗೆ ಉಂಡಳು.

ಮುಂದೆ ಅದೇ ರೂಢಿಯಾಯಿತು. ಬೆಳಿಗ್ಗೆ ಎತ್ತುಗಳು, ಮಧ್ಯಾಹ್ನ ತಂಗಿ. ಸಂಜೆ ಎತ್ತುಗಳು ಮತ್ತೆ ಬರುವ ಹೊತ್ತಿಗೆ ಅವಳನ್ನು ಸರಿಸಲು ಮಾತ್ರ ದಿನಾ ರಂಪ. ಅವಳನ್ನು ಬಗಲಲ್ಲಿ ಎತ್ತಿಕೊಂಡು ಕಣದವ್ವ ಗುದ್ದು ತಿಂದಳು, ಕಡಿಸಿಕೊಂಡಳು.

ಸುಗ್ಗಿ ಮುಗಿಯಿತು. ಊರು ಇನ್ನೂ ತೆರೆದಿರಲಿಲ್ಲ. ಒಕ್ಕಲು ಮುಗಿದ ದಿನವೇ ಮೇಟಿ ಕೀಳುವುದು ಅವರ ಮನೆತನದ ಪದ್ಧತಿ. ಕಾಳಿಲ್ಲದ ಕಣದಲ್ಲಿ ಮೇಟಿ ನಿಂತರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿಕೆ. ಮೈದುನ ಹಾರೆ ಹಿಡಿದು ಬಂದ. ಗುಡಿಸಲ ಬಾಗಿಲಲ್ಲಿ ಅವ್ವನ ಕೈ ಆ ಹಳೆಯ ಸೀರೆಯನ್ನು ಹುಡುಕುತ್ತಿದ್ದುದನ್ನು ನಾನು ಕಂಡೆ. ಕಣದವ್ವನೂ ಕಂಡಿರಬೇಕು. ಬಣವೆಯ ಹಿಂದೆ ಹೋಗಿ ಒಂದು ಸಿವುಡು, ತೆನೆಸಹಿತ ಜೋಳದ ದಂಟಿನ ಕಟ್ಟು, ತಂದು ಮೇಟಿಯ ಬುಡಕ್ಕೆ ಒರಗಿಸಿದಳು.

“ಕಣ ಇನ್ನ ಮುಗದಿಲ್ಲೋ. ಒಕ್ಕೂದು ಐತಿ.”

“ಒಂದು ಸಿವುಡಿಗೆ ಯಾರರೆ ಕಣ ಅಂತಾರೇನು?”

“ಅದರಾಗ ಕಾಳ ಅದಾವಿಲ್ಲೋ? ಎಣಿಸ್ಕೋತ ಕುಂದರು ಹೋಗು.”

ಅವನು ಹಾರೆ ಹೆಗಲಿಗೇರಿಸಿ ಗೊಣಗುತ್ತ ಹೋದ. ಗುಬ್ಬಿಗಳು ತಿಂದು ತೆನೆ ಬರಿದಾದಂತೆ ಕಣದವ್ವ ಬೇರೆ ಸಿವುಡು ತಂದಿಟ್ಟಳು. ಊರು ತೆರೆಯುವ ತನಕ ಆ ಕಣ ಮುಗಿಯಲೇ ಇಲ್ಲ. ಅವ್ವ ಮತ್ತೆ ತಂಗಿಯನ್ನು ಕಟ್ಟಲಿಲ್ಲ. ನಾವು ಗಾಡಿ ಹತ್ತಿದಾಗ ಕಣದವ್ವ ಆ ಕಂಬಳಿಯನ್ನು ಮಡಚಿ ಅವ್ವನ ಮಡಿಲಿಗಿಟ್ಟಳು. “ಮಧ್ಯಾಹ್ನಕ್ಕೊಮ್ಮೆ ಮಲಕೊಳ್ರಿ” ಎಂದಳು, ಅಷ್ಟೇ. ಅವ್ವ ಏನಾದರೂ ಹೇಳಿದಳೇ... ನನಗೆ ನೆನಪಿಲ್ಲ.

ಈ ಸಲ ಆ ಹೊಲದ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಕಣದವ್ವ ಇದ್ದಾಳೆಯೇ ಎಂದು ಕೇಳಿದೆ. ಗಾಡಿಯವನು ಹಿಂದಿರುಗಿ ನೋಡಿದ. “ಯಾರ್ನ ಕೇಳ್ತೀರ್ರಿ ಅಕ್ಕಾರ? ಆಕಿ ಹೋದ ಮಳಿಗಾಲದಾಗ ತೀರಿಕೊಂಡ್ಲಲ್ರೀ.” ಕಣದಲ್ಲಿ ಎತ್ತುಗಳು ಸುತ್ತುತ್ತಿದ್ದವು. ನಾನು ಇಳಿಯಲಿಲ್ಲ.

ಮನೆಯಲ್ಲಿ ತಂಗಿ ಕಂಬ ಸುತ್ತುತ್ತಿದ್ದಳು. ಅವಳು ಬೆಳೆದಂತೆ ಹೊಳಪಿನ ಪಟ್ಟಿಯೂ ಮೇಲೇರಿದೆ. ಅವ್ವನಿಗೆ ಸುದ್ದಿ ಹೇಳಿದೆ. ಊಟವಾದ ಮೇಲೆ, ಇಷ್ಟು ವರ್ಷ ಮಾಡುತ್ತ ಬಂದಂತೆ, ಆ ಕಂಬಳಿಯನ್ನು ತಂದು ಪಡಸಾಲೆಯಲ್ಲಿ ಹಾಸಿದಳು. ಅಂಚಿನ ಎಳೆಗಳು ಬಿಚ್ಚಿಕೊಂಡಿದ್ದವು. ಒಂದೊಂದನ್ನೇ ಒಳಕ್ಕೆ ಸೇರಿಸಿದಳು. ಮಲಗಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಳು, ತಂಗಿ ಸುತ್ತಿ ಮುಗಿಸುವ ತನಕ.