ಇನ್ಸ್‌ಪೆಕ್ಟರಮ್ಮ ಆರಿಸಿದ ಹೋಟೆಲ್

ಒಟ್ಟೊಕಾರ್ ಜವಾದಿಲ್ ಫೆಬ್ರವರಿಯಲ್ಲಿ ತೀರಿಕೊಂಡ. ವಿಯೆನ್ನಾದಲ್ಲಿ ಸಾವಿನ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಪ್ಪು ಅಂಚಿನ ಕಾಗದ ಅಚ್ಚಾಗುತ್ತದೆ, ಕಟ್ಟಡದ ಬಾಗಿಲಿಗೆ ಅಂಟಿಸುತ್ತಾರೆ, ಓದಿದವರು ಬಂದು ಕೈ ಹಿಡಿಯುತ್ತಾರೆ. ಹಾಗಾಗಿ ಅವನ ಹೆಂಡತಿ ಹೆರ್ಮಿನೆ ಆ ಮಾತನ್ನು ತನ್ನ ಬಾಯಿಂದ ಒಂದು ಸಲವೂ ಆಡಲಿಲ್ಲ. ಅಳಲೂ ಇಲ್ಲ. ಚಳಿಗೆ ಮರಗಟ್ಟಿದ ಬೆರಳಿಗೆ ಬಿಸಿನೀರು ಹೊಯ್ದರೂ ತಿಳಿಯುವುದಿಲ್ಲವಲ್ಲ, ಹಾಗಿದ್ದಳು. ಮನೆ ಗುಡಿಸುತ್ತಿದ್ದಳು, ಅಡಿಗೆ ಮಾಡುತ್ತಿದ್ದಳು, ತಿನ್ನುತ್ತಿದ್ದಳು. ಉಪ್ಪು ಹಾಕಿದೆಯೋ ಇಲ್ಲವೋ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಟೋಪಿ ಅಂಗಡಿಯಲ್ಲಿ ಹೊಲಿದು ಹೊಲಿದು ಬೆರಳು ಸವೆಸಿಕೊಂಡವಳು ಹೆರ್ಮಿನೆ. ರೈಲ್ವೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು ಗಂಡ. ಆದರೂ ಬೀದಿಗೆಲ್ಲ ಇವಳು ಇನ್ಸ್‌ಪೆಕ್ಟರಮ್ಮ. ಟೋಪಿಯಮ್ಮ ಅಂತ ಯಾರಾದರೂ ಕರೆದಿದ್ದರೆ ಹೇಳಿ! ಈಗ ಇನ್ಸ್‌ಪೆಕ್ಟರ್ ಹೋದ, ಹೆಸರು ಮಾತ್ರ ಇವಳ ಮೇಲೆ ಉಳಿಯಿತು.

ಪ್ರತಿ ಬೇಸಿಗೆಯಲ್ಲೂ ಗಂಡಹೆಂಡಿರು ಟ್ರೌನ್ ಸರೋವರದ ದಡದಲ್ಲಿ ಬುರ್ಗಿ ಎಂಬ ರೈತ ಹೆಂಗಸಿನ ಮನೆಯ ಅಟ್ಟದ ಕೋಣೆಗೆ ಹೋಗಿ ಇರುತ್ತಿದ್ದರು. ಬುರ್ಗಿಗೂ ಒಟ್ಟೊಕಾರ್‌ಗೂ ದಿನಾ ಸಂಜೆ ಇಸ್ಪೀಟು, ಇಸ್ಪೀಟಿನ ಮೇಲೆ ಜಗಳ. ಈ ಸಲ ಮೇ ತಿಂಗಳಲ್ಲಿ ಹೆರ್ಮಿನೆ ಫೋನು ಮಾಡಿ “ಈ ವರ್ಷ ನಾವು ಬರಕ್ಕಾಗಲ್ಲ” ಎಂದು ಇಟ್ಟುಬಿಟ್ಟಳು. ಕಾರಣ ಹೇಳಲಿಲ್ಲ. ಅಲ್ಲಿಗೆ ಹೋದರೆ ಬುರ್ಗಿ ಬಾಗಿಲಲ್ಲೇ ಕೇಳುತ್ತಾಳೆ, ಹೇಳಲೇಬೇಕಾಗುತ್ತದೆ. ಅದೊಂದು ಅವಳಿಂದಾಗದು.

ಆದರೆ ಜುಲೈನಲ್ಲಿ ಎಲ್ಲರೂ ರಜೆಗೆ ಹೊರಟು ಊರು ಖಾಲಿಯಾಗುತ್ತದೆ. ಎದುರುಮನೆಯ ಪ್ರೊಹಾಸ್ಕಾ ಬಿಡಲಿಲ್ಲ. ಹೋಟೆಲುಗಳ ಬಣ್ಣಬಣ್ಣದ ಪುಸ್ತಕಗಳನ್ನು ಮಡಿಲು ತುಂಬ ತಂದು ಅಡಿಗೆಮನೆಯ ಮೇಜಿನ ಮೇಲೆ ಸುರಿದಳು.

“ಇಷ್ಟು ವರ್ಷ ಅಟ್ಟದಲ್ಲಿ ಮಲಗಿದ್ದು ಸಾಕು ಇನ್ಸ್‌ಪೆಕ್ಟರಮ್ಮ. ಒಂದ್ಸಲ ಮಹಾರಾಣಿ ಥರ ಇದ್ದು ಬನ್ನಿ. ಇದು ನೋಡಿ, ಬೆಟ್ಟದ ತುದೀಲಿ. ಹಿಮ ನೋಡ್ತಾ ಬಿಸಿನೀರಲ್ಲಿ ಮುಳುಗಿರಬಹುದಂತೆ!”

“ಮಾಲೀಕರು ಸಂಜೆ ಎಲ್ಲರ ಮೇಜಿಗೂ ಬಂದು ಕಷ್ಟಸುಖ ವಿಚಾರಿಸ್ತಾರೆ ಅಂತ ಬರೆದಿದೆ.”

“ಒಳ್ಳೇದೇ ಅಲ್ವಾ?”

“ಬೇಡ.”

“ಸರಿ, ಇದು? ಎಲ್ಲರೂ ಒಂದೇ ಮೇಜಿಗೆ ಕೂತು, ಮನೆಯವರ ಹಾಗೆ ಊಟ...”

“ಬೇಡ.”

ಜನ ಹೋಟೆಲನ್ನು ಕಿಟಕಿಯ ನೋಟ ನೋಡಿ ಆರಿಸುತ್ತಾರೆ, ಹಾಸಿಗೆ ನೋಡಿ ಆರಿಸುತ್ತಾರೆ. ಹೆರ್ಮಿನೆ ನೋಡಿದ್ದು ಒಂದೇ: ಎಲ್ಲಿ ಯಾರೂ ಏನೂ ಕೇಳುವುದಿಲ್ಲ? ಕೊನೆಗೆ ಒಂದು ಪುಟದಲ್ಲಿ ಬೆರಳಿಟ್ಟಳು. ‘ನಮ್ಮಲ್ಲಿ ಅತಿಥಿಯ ಏಕಾಂತಕ್ಕೆ ಯಾರೂ ಭಂಗ ತರುವುದಿಲ್ಲ’ ಎಂದಿತ್ತು.

ಪ್ರೊಹಾಸ್ಕಾ ಕನ್ನಡಕ ಏರಿಸಿದಳು. “ಅಯ್ಯೋ, ಇದು ನಿಮ್ಮ ಅದೇ ಸರೋವರ ಅಲ್ವಾ? ಎದುರು ದಡ! ಕಂಡ ನೀರನ್ನೇ ಕಾಣೋಕೆ ಇಷ್ಟು ದುಡ್ಡು ಸುರೀತೀರಾ?”

“ರೈಲು ಎಲ್ಲಿ ಬದಲಾಯಿಸಬೇಕು ಅಂತ ಗೊತ್ತಿದೆ,” ಎಂದಳು ಹೆರ್ಮಿನೆ. ಬೇರೆ ಊರಿನ ಹೆಸರು ಯೋಚಿಸುವಷ್ಟೂ ತ್ರಾಣ ಇರಲಿಲ್ಲ ಅವಳಿಗೆ. ಆ ದಡದ ದೊಡ್ಡವರು ಈ ದಡದ ರೈತರ ಮುಖ ನೋಡುವುದಿಲ್ಲ ಎಂಬ ಧೈರ್ಯವೂ ಇತ್ತು.

ಹೋಟೆಲಿಗೆ ಫೋನು ಮಾಡಿದಾಗ ಆ ಕಡೆಯ ಹುಡುಗಿ “ಇಬ್ಬರಿಗಾ, ಮೇಡಂ?” ಎಂದಳು. “ಹೌದು, ನಾವಿಬ್ಬರು,” ಎಂದು ನಾಲಿಗೆ ತಾನೇ ಹೇಳಿಬಿಟ್ಟಿತು. ಮೂವತ್ತು ವರ್ಷ ‘ನಾವು’ ಎಂದ ನಾಲಿಗೆ, ಇನ್ನೇನು ಹೇಳೀತು? ತಿದ್ದಬೇಕೆಂದರೆ ಏಕೆಂದು ಹೇಳಬೇಕು. ಹೆರ್ಮಿನೆ ತಿದ್ದಲಿಲ್ಲ.

ಏಕಾಂತವಂತೆ, ಮಣ್ಣು! ಈ ದುಬಾರಿ ಹೋಟೆಲುಗಳಷ್ಟು ಪ್ರಶ್ನೆ ಕೇಳುವವರು ಪೊಲೀಸರೂ ಇಲ್ಲ. ದಿಂಬಿಗೆ ಹೆಬ್ಬಾತಿನ ಗರಿಯೋ ಹತ್ತಿಯೋ? ಮೊಟ್ಟೆ ಎಷ್ಟು ಬೇಯಬೇಕು? ಕೋಣೆಯಲ್ಲಿ ಎರಡು ನಿಲುವಂಗಿ, ಎರಡು ಜೊತೆ ಚಪ್ಪಲಿ, ಬಾಲ್ಕನಿಯಲ್ಲಿ ಎರಡು ಕುರ್ಚಿ. ಬೆಳಗಿನ ತಿಂಡಿಗೆ ಕೂತರೆ ಎದುರಿಗೆ ಇನ್ನೊಂದು ತಟ್ಟೆ.

“ಸಾಹೇಬರು ಬರ್ತಾರಾ, ಮೇಡಂ?” ಎಂದು ಬಡಿಸುವವನು ಬಾಗಿ ಕೇಳಿದ.

“ನಡೆಯೋಕೆ ಹೋಗಿದಾರೆ.”

ಮರುದಿನ ಮತ್ತೆ ಕೇಳಿದ. “ತಲೆನೋವು” ಎಂದಳು. ಅವನು ಪಾಪ ನಿಜಕ್ಕೂ ಮರುಗಿದ. ಮಧ್ಯಾಹ್ನ ಕೋಣೆಗೆ ಬೆಳ್ಳಿ ಮುಚ್ಚಳದ ಬಟ್ಟಲಲ್ಲಿ ಕೋಳಿ ಸಾರು ಬಂತು, ಸಾಹೇಬರಿಗೆ ಅಂತ. ಹೆರ್ಮಿನೆ ಬಾಲ್ಕನಿಯಲ್ಲಿ ಕೂತು, ನೀರು ನೋಡುತ್ತ, ಸತ್ತ ಗಂಡನಿಗೆ ಬಂದ ಸಾರನ್ನು ಚಮಚೆ ಚಮಚೆಯಾಗಿ ಕುಡಿದು ಮುಗಿಸಿದಳು. ನಾಚಿಕೆಯಾಗಲಿಲ್ಲ, ದುಃಖವೂ ಆಗಲಿಲ್ಲ. ಎದುರು ದಡದಲ್ಲಿ ಬುರ್ಗಿಯ ಮನೆಯ ಮಾಡು ಕಾಣುತ್ತಿತ್ತು.

ಆದರೆ ನೀರಿನ ಮೇಲೆ ದೋಣಿ ಓಡಾಡುತ್ತದೆ, ದೋಣಿಯವನಿಗೆ ಬಾಯಿ ಇರುತ್ತದೆ. ಅದನ್ನು ಅವಳು ಮರೆತಿದ್ದಳು.

ಒಂದು ಮಧ್ಯಾಹ್ನ ಜಗಲಿಯ ಮೇಲೆ ಶ್ರೀಮಂತರೆಲ್ಲ ಮೆಲ್ಲಗೆ ಕೇಕು ಮುರಿಯುತ್ತಿದ್ದಾಗ ಬುರ್ಗಿ ಮೆಟ್ಟಿಲು ಹತ್ತಿ ಬಂದಳು, ಕೊಟ್ಟಿಗೆಯ ಏಪ್ರನ್ ಕೂಡ ಬಿಚ್ಚದೆ. ಬಡಿಸುವವನು ಅಡ್ಡ ಬಂದ.

“ಯಾರು ಬೇಕಾಗಿತ್ತಮ್ಮ?”

“ಸರಿಯೋ ಆಚೆ! ನೀನು ಹುಟ್ಟೋಕೆ ಮುಂಚಿಂದ ಗೊತ್ತು ನನಗೆ ಇವಳು.” ನೇರ ಬಂದು ಹೆರ್ಮಿನೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ಓಹೋ, ಇಲ್ಲಿದೀಯಾ! ದೋಣಿಯವನು ಹೇಳಿದಾಗ ನಾನು ನಂಬಲೇ ಇಲ್ಲ ಕಣೆ. ಬರಕ್ಕಾಗಲ್ಲ ಅಂತ ಫೋನು ಮಾಡಿ, ನನ್ನ ಕಣ್ಣೆದುರಿಗೇ ಬಂದು ಕೂತಿದೀಯಾ? ನನ್ನ ಅಟ್ಟ ನಾರೋಕೆ ಶುರುವಾಯ್ತಾ ನಿಮಗೆ? ಕೋಣೆ ಯಾರಿಗೂ ಕೊಟ್ಟಿಲ್ಲ ನಾನು. ಕೊನೇ ಗಳಿಗೇಲಿ ಬಂದೇ ಬರ್ತಾರೆ ಅಂತ ಅವನ ಹಾಸಿಗೆ ಬಿಸಿಲಿಗೆ ಹಾಕ್ತಿದ್ದೆ, ಮೂಳಿ ಹಾಗೆ! ಎಲ್ಲಿ ಅವನು? ಕರಿ. ಬಾಯ್ತುಂಬ ಬೈದಲ್ಲದೆ ನಾನು ದೋಣಿ ಹತ್ತಲ್ಲ.”

ನಡೆಯೋಕೆ ಹೋಗಿದಾನೆ ಎನ್ನಬಹುದಿತ್ತು. ಬುರ್ಗಿ ಸಂಜೆವರೆಗೂ ಕಾಯುತ್ತಿದ್ದಳು. ತಲೆನೋವು ಎಂದರೆ ಕೋಣೆಗೇ ನುಗ್ಗಿ ಹೊದಿಕೆ ಎಳೆಯುತ್ತಿದ್ದಳು. ಹೋಟೆಲಿನವರು ಕೇಳಿದ್ದು ಮರ್ಯಾದೆಗೆ. ಇವಳಿಗೆ ಅವನು ನಿಜವಾಗಿ ಬೇಕಾಗಿತ್ತು.

“ಸತ್ತುಹೋದ, ಬುರ್ಗಿ.”

ಯಾರೋ ಬೇರೆಯವರು ಹೇಳಿದಂತೆ ಕೇಳಿಸಿತು ಹೆರ್ಮಿನೆಗೆ. ಬುರ್ಗಿಯ ಕೈ ಸೊಂಟದಿಂದ ಜಾರಿತು. ಕುರ್ಚಿ ಎಳೆದು ಕೂತಳು.

“ಯಾವಾಗ?”

“ಫೆಬ್ರವರೀಲಿ.”

“ನನಗೆ ಹೇಳಲಿಲ್ಲ ನೀನು.”

“ಬಾಯಿ ಬರಲಿಲ್ಲ.”

ಬುರ್ಗಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, “ದೇವರು ಅವನ ಆತ್ಮಕ್ಕೆ...” ಎಂದು ಶುರು ಮಾಡಿದಳು.

“ಬೇಡ,” ಎಂದಳು ಹೆರ್ಮಿನೆ. “ಎಲ್ಲರೂ ಅದನ್ನೇ ಹೇಳಿದರು. ನನಗೆ ಏನೂ ಕೇಳಿಸೋದೇ ಇಲ್ಲ ಬುರ್ಗಿ. ಬೈಯೋಕೆ ಬಂದಿದ್ದೆ ಅಲ್ವಾ? ಬೈಯಿ.”

“ಹುಚ್ಚು ಹಿಡಿದಿದೆಯಾ? ಸತ್ತವನನ್ನ ಬೈಯೋದಾ?”

“ಬೈಯಿ.”

ಬುರ್ಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ನೀರಿನ ಕಡೆ ತಿರುಗಿ, ಮೊದಲು ಮೆಲ್ಲಗೆ, ಬರಬರುತ್ತ ಗಂಟಲು ಬಿಚ್ಚಿ ಶುರು ಮಾಡಿದಳು. “ಏ ಮೋಸಗಾರ! ಸೋಲ್ತಿರೋ ಆಟ ಬಿಟ್ಟು ಎದ್ದು ಹೋಗೋ ಹಾಗೆ ಎದ್ದು ಹೋದ್ಯಲ್ಲೋ! ನಾಚಿಕೆ ಆಗಲ್ವೇನೋ ನಿನಗೆ? ಇವಳು ಕಟ್ಟಿಗೆ ಥರ ಕೂತಿದಾಳೆ, ನೋಡೋ! ಇಂಥವಳನ್ನ ಯಾರ ಕೈಗೆ ಕೊಟ್ಟು ಹೋದ್ಯೋ? ಹೋಗ್ತೀನಿ ಅಂತ ಒಂದು ಮಾತು, ಒಂದೇ ಒಂದು ಮಾತು ಹೇಳಿದ್ಯಾ ಇವಳಿಗೆ?”

ಕೇಕಿನ ಚಮಚೆಗಳು ನಿಂತವು. ಬಡಿಸುವವನು ಓಡಿಬಂದು ಅರ್ಧದಲ್ಲೇ ನಿಂತ.

“ಹೇಳಲಿಲ್ಲ,” ಎಂದಳು ಹೆರ್ಮಿನೆ. “ಆವತ್ತು ಬೆಳಿಗ್ಗೆ ಹೊತ್ತಾಗಿದ್ರೂ ಎದ್ದಿರಲಿಲ್ಲ, ಬುರ್ಗಿ. ಪಾಪ, ಮಲಗಲಿ ಅಂತ ನಾನೇ ಬಾಗಿಲು ಎಳ್ಕೊಂಡೆ. ಸದ್ದಾಗಬಾರದು ಅಂತ ಕಪ್ಪನ್ನೂ ಮೆಲ್ಲಗೆ ಇಟ್ಟೆ. ಕಾಫಿ ಕುಡೀತಾ ಕೂತಿದ್ದೆ ಕಣೆ ನಾನು, ಆರಾಮಾಗಿ.”

ಆಮೇಲೆ ಇನ್ಸ್‌ಪೆಕ್ಟರಮ್ಮ, ಅಷ್ಟು ಜನರ ಮುಂದೆ, ಬಾಯಿ ತೆರೆದು ಅತ್ತಳು.